ಮಾಟಗಾತಿ ವಿಚಾರಣೆಗಳು ಮತ್ತು ಗುರುವಿನ ಹೊಣೆ: ಲೆಮ್ಗೊ ವಸ್ತುಸಂಗ್ರಹಾಲಯದ ಭೇಟಿಯ ಹಿನ್ನೆಲೆಯಲ್ಲಿ

ಜರ್ಮನಿಯ ವಾಯವ್ಯ ಭಾಗದ ಲಿಪ್ಪೆ ಪ್ರದೇಶದಲ್ಲಿ ಲೆಮ್ಗೊ ಎಂಬ ಹಳೆಯ ವ್ಯಾಪಾರಿ ಪಟ್ಟಣವಿದೆ. ಅಲ್ಲಿ ಹದಿನಾರನೆಯ ಶತಮಾನದಲ್ಲಿ ಒಬ್ಬ ಶ್ರೀಮಂತ ವರ್ತಕನು ಕಟ್ಟಿಸಿದ ಸುಂದರವಾದ ಕಲ್ಲಿನ ಮನೆಯೊಂದು ಇಂದಿಗೂ ಉಳಿದುಬಂದಿದೆ. ಊರಿನವರು ಅದನ್ನು ‘ಹೆಕ್ಸೆನ್‌ಬ್ಯೂರ್ಗರ್‌ಮೈಸ್ಟರ್‌ಹೌಸ್’, ಅಂದರೆ ಮಾಟಗಾತಿಯರನ್ನು ಬೇಟೆಯಾಡಿದ ನಗರಾಧ್ಯಕ್ಷನ ಮನೆ ಎಂದು ಕರೆಯುತ್ತಾರೆ. ಈಗ ಅದು ನಗರದ ವಸ್ತುಸಂಗ್ರಹಾಲಯ. ನಾವು ಲೈಸೆನ್ಶಿಯೇಟ್ ವ್ಯಾಸಂಗದಲ್ಲಿದ್ದಾಗ ಬೇಸಿಗೆಯ ದಿನಗಳಲ್ಲಿ ಆ ಸೀಮೆಯ ಒಂದು ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದೆವು. ಸಮೀಪದ ಶಾಲೆಯೊಂದರ ಧರ್ಮಬೋಧನೆಯ ಶಿಕ್ಷಕಿಯು ತಮ್ಮ ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ಸಂಗ್ರಹಾಲಯಕ್ಕೆ ಕರೆದೊಯ್ಯುವಾಗ ನಮ್ಮನ್ನೂ ಜೊತೆಗೆ ಆಹ್ವಾನಿಸಿದರು.

ಮನೆಯನ್ನು ಪ್ರವೇಶಿಸುವವರೆಗೆ ಮಕ್ಕಳಲ್ಲಿ ನಗೆ, ಚೇಷ್ಟೆಗಳಿಗೆ ಕೊರತೆಯಿರಲಿಲ್ಲ. ಮಾಟಗಾತಿ ಎಂದರೆ ಅವರಿಗೆ ಪೊರಕೆಯ ಮೇಲೆ ಹಾರುವ ಕಥೆಪುಸ್ತಕದ ಮುದುಕಿ. ಚಿತ್ರಹಿಂಸೆಯ ಸಲಕರಣೆಗಳ ಮುಂದೆ ನಿಂತಾಗ ಆ ನಗೆ ತಾನಾಗಿಯೇ ನಿಂತಿತು. 1509 ಮತ್ತು 1681ರ ನಡುವೆ ಈ ಸಣ್ಣ ಪಟ್ಟಣವೊಂದರಲ್ಲಿಯೇ ಇನ್ನೂರಕ್ಕೂ ಹೆಚ್ಚು ಜನರನ್ನು ಮಾಟದ ಆರೋಪದ ಮೇಲೆ ಕೊಲ್ಲಲಾಯಿತೆಂದು ಮಾರ್ಗದರ್ಶಿಯು ವಿವರಿಸಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ನಮ್ಮ ಕೊರಳಪಟ್ಟಿಯನ್ನು ನೋಡುತ್ತ ಕೇಳಿದಳು: “ಸ್ವಾಮಿ, ಆಗ ಈ ಊರಿನ ಗುರುಗಳು ಎಲ್ಲಿದ್ದರು?”

ನಮ್ಮ ಬಳಿ ಸಿದ್ಧ ಉತ್ತರವಿರಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯನ್ನೂ ನೈತಿಕ ದೈವಶಾಸ್ತ್ರವನ್ನೂ ಬೇರೆ ಬೇರೆ ತರಗತಿಗಳಲ್ಲಿ ಬೋಧಿಸುವುದರಿಂದ ಅವೆರಡೂ ಸಂಧಿಸುವ ಇಂತಹ ಸ್ಥಳಗಳು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತವೆ. ನಮ್ಮ ನಾಡಿನಲ್ಲಿ ಮಾಟದ ಭಯವು ಇನ್ನೂ ಜೀವಂತವಾಗಿರುವುದರಿಂದ ಈ ಪ್ರಶ್ನೆಯು ನಮಗೆ ಕೇವಲ ಪರದೇಶದ ಹಳೆಯ ಸಂಗತಿಯಲ್ಲ.

ಮೊದಲು ಸಂಗತಿಗಳು

ಈ ವಿಷಯದಲ್ಲಿ ಎರಡು ಬಗೆಯ ಅಜ್ಞಾನಗಳು ಪ್ರಚಲಿತವಾಗಿವೆ. ಧರ್ಮಸಭೆಯನ್ನು ದ್ವೇಷಿಸುವವರು ‘ತೊಂಬತ್ತು ಲಕ್ಷ ಮಹಿಳೆಯರನ್ನು ಸುಟ್ಟರು’ ಎನ್ನುತ್ತಾರೆ. ಈ ಸಂಖ್ಯೆಯ ಮೂಲವು 1784ರಲ್ಲಿ ವೊಯ್ಗ್ಟ್ ಎಂಬ ಜರ್ಮನ್ ಲೇಖಕನು ಕೆಲವೇ ಕಡತಗಳ ಆಧಾರದಿಂದ ಇಡೀ ಯೂರೋಪಿಗೆ ಮಾಡಿದ ಗುಣಾಕಾರ. ಅದಕ್ಕೆ ಬೇರೆ ಆಧಾರವಿಲ್ಲ. ಇತ್ತ ಧರ್ಮಸಭೆಯನ್ನು ಸಮರ್ಥಿಸುವವರು ‘ಅದೆಲ್ಲ ಲೌಕಿಕ ನ್ಯಾಯಾಲಯಗಳ ಕೆಲಸ, ನಮಗೂ ಅದಕ್ಕೂ ಸಂಬಂಧವಿಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಎರಡೂ ಸತ್ಯವಲ್ಲ.

ಇಂದಿನ ಇತಿಹಾಸಕಾರರ ಅಂದಾಜಿನಂತೆ 1450ರಿಂದ 1750ರವರೆಗಿನ ಅವಧಿಯಲ್ಲಿ ಯೂರೋಪಿನಲ್ಲಿ ಸುಮಾರು 40,000ದಿಂದ 50,000 ಜನರು ಮಾಟದ ಆರೋಪದ ಮೇಲೆ ಮರಣದಂಡನೆಗೆ ಗುರಿಯಾದರು. ಅವರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಮಂದಿ ಸ್ತ್ರೀಯರು. ಒಟ್ಟು ಸಾವುಗಳಲ್ಲಿ ಸುಮಾರು ಅರ್ಧದಷ್ಟು ಜರ್ಮನ್ ಭಾಷಿಕ ಪ್ರದೇಶಗಳಲ್ಲಿ ಸಂಭವಿಸಿದವು. ಇದರ ಉತ್ತುಂಗ ಕಾಲವು ‘ಕತ್ತಲೆಯ ಮಧ್ಯಯುಗ’ವಲ್ಲ, 1560ರಿಂದ 1660ರವರೆಗಿನ, ಮುದ್ರಣಾಲಯಗಳೂ ವಿಶ್ವವಿದ್ಯಾಲಯಗಳೂ ಹಬ್ಬಿದ್ದ ಆಧುನಿಕ ಯುಗದ ಆರಂಭಕಾಲ. ಹವಾಮಾನ ಕೆಟ್ಟು ಬೆಳೆ ನಾಶವಾದ ವರ್ಷಗಳಲ್ಲಿ ವಿಚಾರಣೆಗಳು ಹೆಚ್ಚಿದವು. 1562ರ ಆಲಿಕಲ್ಲು ಮಳೆಯ ಬಳಿಕ ವೀಸೆನ್‌ಸ್ಟೈಗ್ ಎಂಬ ಚಿಕ್ಕ ಊರಿನಲ್ಲಿ 63 ಮಹಿಳೆಯರನ್ನು ಕೊಂದದ್ದು ಇದಕ್ಕೊಂದು ನಿದರ್ಶನ.

ತೀರ್ಪು ಕೊಟ್ಟವರಲ್ಲಿ ಬಹುಪಾಲು ಲೌಕಿಕ ನ್ಯಾಯಾಧೀಶರೆಂಬುದು ನಿಜ. ಆದರೆ ಬಾಂಬೆರ್ಗ್, ವೂರ್ಟ್ಸ್‌ಬುರ್ಗ್, ಕಲೋನ್, ಟ್ರಿಯರ್ ಮುಂತಾದ ಪ್ರದೇಶಗಳಲ್ಲಿ ಆಳುವ ಅರಸರೇ ಧರ್ಮಾಧ್ಯಕ್ಷರಾಗಿದ್ದರು. ಅಲ್ಲಿ ನೂರಾರು ಜನ ಸತ್ತರು. ಲೆಮ್ಗೊ ಲೂಥರನ್ ಪಟ್ಟಣ; ಅಲ್ಲಿಯೂ ಸತ್ತರು. ಇದರಲ್ಲಿ ಯಾವ ಪಂಗಡವೂ ಮತ್ತೊಂದರ ಕಡೆಗೆ ಬೆರಳು ತೋರುವಂತಿಲ್ಲ. ಮಿಗಿಲಾಗಿ, ನ್ಯಾಯಾಧೀಶರ ಕೈಯಲ್ಲಿದ್ದ ‘ಮಾಟಗಾತಿ’ಯ ಪರಿಕಲ್ಪನೆಯನ್ನು ರೂಪಿಸಿಕೊಟ್ಟವರು ದೈವಶಾಸ್ತ್ರಜ್ಞರೇ. ಆದ್ದರಿಂದ ನಮ್ಮ ಶಾಸ್ತ್ರವೇ ಇಲ್ಲಿ ಉತ್ತರ ಹೇಳಬೇಕಾಗಿದೆ.

ಭ್ರಮೆಯಿಂದ ಅಪರಾಧದವರೆಗೆ

ಮೊದಲ ಸಹಸ್ರಮಾನದ ಧರ್ಮಸಭೆಯ ನಿಲುವು ಬೇರೆಯೇ ಆಗಿತ್ತೆಂಬುದನ್ನು ಅನೇಕ ಗುರುಅಭ್ಯರ್ಥಿಗಳು ಅರಿಯರು. ಸುಮಾರು 906ರಲ್ಲಿ ಪ್ರ್ಯೂಮ್ ಮಠದ ರೆಜಿನೊ ಸಂಗ್ರಹಿಸಿದ ‘ಕಾನೊನ್ ಎಪಿಸ್ಕೊಪಿ’ ಎಂಬ ನಿಯಮವು, ಕೆಲವು ಸ್ತ್ರೀಯರು ತಾವು ರಾತ್ರಿಯ ವೇಳೆ ಡಯಾನಾ ದೇವತೆಯೊಡನೆ ಮೃಗಗಳ ಮೇಲೆ ಸವಾರಿ ಮಾಡುವೆವೆಂದು ನಂಬಿರುವುದನ್ನು ಉಲ್ಲೇಖಿಸುತ್ತದೆ. ಅದು ಕನಸಿನಲ್ಲಿ ಸೈತಾನನು ಹುಟ್ಟಿಸುವ ಭ್ರಮೆ, ಅದನ್ನು ನಿಜವೆಂದು ನಂಬುವುದೇ ವಿಶ್ವಾಸಕ್ಕೆ ವಿರುದ್ಧ ಎಂಬುದು ಅದರ ತೀರ್ಮಾನ. 1140ರ ಸುಮಾರಿಗೆ ಗ್ರಾಸಿಯನ್ ತನ್ನ ನಿಯಮಸಂಗ್ರಹದಲ್ಲಿ ಇದನ್ನು ಸೇರಿಸಿಕೊಂಡದ್ದರಿಂದ ಈ ಬೋಧನೆಯು ಧರ್ಮಸಭೆಯ ಕಾನೂನಿನ ಭಾಗವಾಗಿಯೇ ಉಳಿಯಿತು.

ಹಾಗಾದರೆ ಭ್ರಮೆಯು ಅಪರಾಧವಾದದ್ದು ಹೇಗೆ? ಮೂರು ಎಳೆಗಳು ಒಂದಾಗಿ ಹೆಣೆದುಕೊಂಡವು. ಮೊದಲನೆಯದು ಹಳ್ಳಿಯ ಭಯ: ನೆರೆಮನೆಯವಳ ಕಣ್ಣಿನಿಂದಲೋ ಶಾಪದಿಂದಲೋ ಹಸು ಬತ್ತಿತು, ಮಗು ಸತ್ತಿತು ಎಂಬ ಆಪಾದನೆ. ಇದು ಎಲ್ಲ ಸಮಾಜಗಳಲ್ಲಿಯೂ ಉಂಟು. ಎರಡನೆಯದು ಒಡಂಬಡಿಕೆಯ ಸಿದ್ಧಾಂತ. ಮೂಢಾಚರಣೆಯ ಚಿಹ್ನೆಗಳಲ್ಲಿ ದುಷ್ಟಾತ್ಮಗಳೊಂದಿಗಿನ ಒಪ್ಪಂದವು ಅಡಗಿದೆ ಎಂದು ಸಂತ ಅಗಸ್ಟೀನರು ಬರೆದಿದ್ದರು. ಸಂತ ತೋಮಾಸ್ ಅಕ್ವಿನಾಸರು ಇದನ್ನು ವ್ಯವಸ್ಥಿತವಾಗಿ ವಿವರಿಸಿದರು. ಅವರ ಗಮನವಿದ್ದದ್ದು ದೇವರಿಗೆ ಸಲ್ಲಬೇಕಾದ ಆರಾಧನೆಯ ಕಡೆಗೆ. ಹಳ್ಳಿಯ ಮುದುಕಿಯ ಕಡೆಗಲ್ಲ. ಮೂರನೆಯದು ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ಗುಪ್ತಸಭೆಯ ಕಲ್ಪನೆ: ಮಾಟಗಾತಿಯರು ರಾತ್ರಿಯಲ್ಲಿ ಒಂದೆಡೆ ಸೇರಿ ಸೈತಾನನನ್ನು ಪೂಜಿಸುತ್ತಾರೆ ಎಂಬುದು. ಹಿಂದೆ ಪಾಷಂಡಿಗಳ ಮೇಲೆ ಹೊರಿಸುತ್ತಿದ್ದ ಆರೋಪಗಳೇ ಇಲ್ಲಿ ಹೊಸ ರೂಪ ತಾಳಿದವು.

ಮೂರನೆಯ ಎಳೆಯೇ ಅತ್ಯಂತ ಘಾತಕವಾಯಿತು. ಹಳ್ಳಿಯ ಮಾಟವು ಒಬ್ಬಳ ಕೃತ್ಯ. ಆದರೆ ಸಭೆ ಎಂದೊಡನೆ ಅಲ್ಲಿ ಇತರರೂ ಇರಲೇಬೇಕು. ಆಗ ಪ್ರತಿಯೊಬ್ಬ ಬಂಧಿತೆಯ ಮುಂದೆಯೂ ಒಂದು ಪ್ರಶ್ನೆ ಅನಿವಾರ್ಯವಾಗಿ ಬರುತ್ತದೆ: “ಅಲ್ಲಿ ಯಾರನ್ನು ಕಂಡೆ?” ಸಾವಿರಾರು ಸಾವುಗಳ ಬಾಗಿಲನ್ನು ತೆರೆದದ್ದು ಈ ಪ್ರಶ್ನೆಯೇ.

1484ರ ಡಿಸೆಂಬರ್ 5ರಂದು ಜಗದ್ಗುರು ಎಂಟನೆಯ ಇನ್ನೊಸೆಂಟರು ಜರ್ಮನಿಯ ಕೆಲವು ಪ್ರಾಂತ್ಯಗಳಲ್ಲಿ ವಿಚಾರಣೆ ನಡೆಸುವ ಅಧಿಕಾರವನ್ನು ಹೈನ್‌ರಿಖ್ ಕ್ರಾಮರ್ ಮತ್ತು ಆತನ ಸಹವರ್ತಿಗೆ ದೃಢಪಡಿಸಿದರು. ಆ ಆಜ್ಞಾಪತ್ರವು ವಿಶ್ವಾಸದ ಸಿದ್ಧಾಂತವೊಂದನ್ನು ಘೋಷಿಸಿದ ದಾಖಲೆಯಲ್ಲ. ಆದರೂ ಅದು ಕ್ರಾಮರನ ಕೈಗೆ ದೊರೆತ ಆಯುಧವಾಯಿತು. 1485ರಲ್ಲಿ ಆತನು ಇನ್ಸ್‌ಬ್ರುಕ್‌ನಲ್ಲಿ ಹಲವು ಮಹಿಳೆಯರ ಮೇಲೆ ವಿಚಾರಣೆ ಹೂಡಿದನು. ಬ್ರಿಕ್ಸೆನ್‌ನ ಧರ್ಮಾಧ್ಯಕ್ಷ ಜಾರ್ಜ್ ಗೋಲ್ಸರ್ ಅವರ ಕಡೆಯವರು ನಡಾವಳಿಯಲ್ಲಿ ದೋಷಗಳನ್ನು ಕಂಡು ಮಹಿಳೆಯರನ್ನು ಬಿಡುಗಡೆ ಮಾಡಿದರು. ಧರ್ಮಾಧ್ಯಕ್ಷರು ಕ್ರಾಮರನಿಗೆ ಊರು ಬಿಟ್ಟು ಹೋಗುವಂತೆ ಹೇಳಿದರು. ಈ ಸೋಲಿನ ಬೆನ್ನಿಗೇ ಕ್ರಾಮರನು ಬರೆದ ಗ್ರಂಥವೇ ‘ಮಾಲೆಯುಸ್ ಮಾಲೆಫಿಕಾರುಮ್’, ಅಂದರೆ ‘ಮಾಟಗಾತಿಯರ ಸುತ್ತಿಗೆ’. ಆಜ್ಞಾಪತ್ರವನ್ನು ಅದರ ಮುಂಭಾಗದಲ್ಲಿ ಅಚ್ಚುಹಾಕಿಸಿ ಆತನು ತನ್ನ ಖಾಸಗಿ ಅಭಿಪ್ರಾಯಕ್ಕೆ ಧರ್ಮಸಭೆಯ ಮುದ್ರೆಯಿರುವಂತೆ ತೋರಿಸಿದನು. ಸ್ತ್ರೀಯರಲ್ಲಿ ವಿಶ್ವಾಸವು ಕಡಿಮೆ ಎಂಬುದಕ್ಕೆ ‘ಫೆಮಿನಾ’ ಎಂಬ ಲತೀನ್ ಪದದ ಸುಳ್ಳು ನಿಷ್ಪತ್ತಿಯನ್ನೂ ಆ ಗ್ರಂಥವು ಮುಂದಿಡುತ್ತದೆ. ಕೆಟ್ಟ ವ್ಯಾಕರಣದಿಂದಲೂ ಜನ ಸಾಯಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಶ್ರೀಗ್ರಂಥದ ಭಾಷಾಂತರವೂ ಈ ಕಥೆಯಿಂದ ಹೊರತಲ್ಲ. ವಿಮೋಚನಕಾಂಡ 22:18ರ ಹೀಬ್ರು ಮೂಲದಲ್ಲಿ ಸ್ತ್ರೀಲಿಂಗ ಪದವಿದೆ. ಗ್ರೀಕ್ ಮತ್ತು ಲತೀನ್ ಭಾಷಾಂತರಗಳು ಪುಲ್ಲಿಂಗ ಬಹುವಚನವನ್ನು ಬಳಸಿದರೆ, ಲೂಥರ್ ಮತ್ತೆ ಸ್ತ್ರೀಲಿಂಗವನ್ನೇ ಆರಿಸಿಕೊಂಡನು. ಈ ಒಂದು ವಾಕ್ಯವನ್ನು ಪ್ರಬೋಧನೆಗಳಲ್ಲಿ ಮತ್ತೆ ಮತ್ತೆ ಉಚ್ಚರಿಸಲಾಯಿತು. ಸಾಕ್ಷ್ಯದ ಬಗ್ಗೆ, ಸುಳ್ಳುಸಾಕ್ಷಿಗೆ ಸಲ್ಲಬೇಕಾದ ದಂಡನೆಯ ಬಗ್ಗೆ ಧರ್ಮೋಪದೇಶಕಾಂಡದ 19ನೆಯ ಅಧ್ಯಾಯವು ಹೇಳುವುದನ್ನು ಅಷ್ಟೇ ಶ್ರದ್ಧೆಯಿಂದ ಓದಿದವರು ಕಡಿಮೆ.

ಯಂತ್ರದ ಕಾರ್ಯವಿಧಾನ

1532ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನು ಜಾರಿಗೆ ತಂದ ದಂಡಸಂಹಿತೆಯು ಹಾನಿ ಮಾಡಿದ ಮಾಟಕ್ಕೆ ಅಗ್ನಿದಂಡನೆಯನ್ನು ವಿಧಿಸಿತಾದರೂ, ಚಿತ್ರಹಿಂಸೆಗೆ ಮುನ್ನ ತಕ್ಕಷ್ಟು ಕುರುಹುಗಳು ಇರಬೇಕೆಂಬ ನಿಯಮವನ್ನೂ ಇಟ್ಟಿತ್ತು. ಆದರೆ ಮಾಟವು ‘ಅಸಾಧಾರಣ ಅಪರಾಧ’, ಅದಕ್ಕೆ ಸಾಧಾರಣ ನಿಯಮಗಳು ಅನ್ವಯಿಸುವುದಿಲ್ಲ ಎಂಬ ವಾದವನ್ನು ನ್ಯಾಯಶಾಸ್ತ್ರಜ್ಞರು ಮುಂದಿಟ್ಟರು. ಅಲ್ಲಿಗೆ ತಡೆಗೋಡೆ ಕುಸಿಯಿತು. ಒಬ್ಬ ಬಂಧಿತೆಯು ನೋವು ತಾಳಲಾರದೆ ಇಬ್ಬರ ಹೆಸರು ಹೇಳುವಳು. ಆ ಇಬ್ಬರು ಮತ್ತೆ ನಾಲ್ವರ ಹೆಸರು ಹೇಳುವರು. ಹೆಸರು ಹೇಳಿದವಳು ಸತ್ತ ಮೇಲೆ ಅದನ್ನು ಹಿಂತೆಗೆದುಕೊಳ್ಳಲು ಯಾರೂ ಉಳಿಯುತ್ತಿರಲಿಲ್ಲ.

ಬಾಂಬೆರ್ಗ್ ನಗರದ ಮುಖ್ಯಸ್ಥ ಯೊಹಾನೆಸ್ ಯೂನಿಯುಸ್ 1628ರಲ್ಲಿ ಸೆರೆಮನೆಯಿಂದ ತನ್ನ ಮಗಳು ವೆರೋನಿಕಾಳಿಗೆ ಗುಟ್ಟಾಗಿ ಬರೆದ ಪತ್ರವು ಉಳಿದುಬಂದಿದೆ. ಹಿಂಸೆಯಿಂದ ಜಜ್ಜಿಹೋದ ಕೈಗಳಿಂದ ಬರೆದ ಆ ಪತ್ರದಲ್ಲಿ ತಾನು ಒಪ್ಪಿಕೊಂಡದ್ದೆಲ್ಲ ಕಟ್ಟುಕಥೆಯೆಂದೂ, ಹೆಸರುಗಳನ್ನು ಹೇಳಿಸಲು ತನ್ನನ್ನು ಬೀದಿಬೀದಿಯ ಲೆಕ್ಕದಲ್ಲಿ ಪ್ರಶ್ನಿಸಿದರೆಂದೂ ಆತನು ತಿಳಿಸುತ್ತಾನೆ. ಗುರುಅಭ್ಯರ್ಥಿಗಳು ಅದನ್ನು ಒಮ್ಮೆ ಪೂರ್ಣವಾಗಿ ಓದಬೇಕೆಂಬುದು ನಮ್ಮ ಬಿನ್ನಹ.

ಲೆಮ್ಗೊವಿನಲ್ಲಿ ಈ ಯಂತ್ರವನ್ನು ನಡೆಸಿದ ನಗರಾಧ್ಯಕ್ಷ ಹೆರ್ಮಾನ್ ಕೋಥ್ಮಾನನು ನಿರಕ್ಷರಿಯಲ್ಲ, ನ್ಯಾಯಶಾಸ್ತ್ರ ಓದಿದವನು. ಆತನ ತಾಯಿಯನ್ನೇ 1654ರಲ್ಲಿ ಮಾಟಗಾತಿಯೆಂದು ಕೊಂದಿದ್ದರು. ಮಗನು ಬೆಳೆದು 1667ರಲ್ಲಿ ನಗರಾಧ್ಯಕ್ಷನಾಗಿ ಅದೇ ಆರೋಪದ ಮೇಲೆ ಹತ್ತಾರು ಮಂದಿಯನ್ನು ಸಾವಿಗೆ ತಳ್ಳಿದನು. ಆತನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನಾವು ಊಹಿಸಲು ಹೋಗುವುದಿಲ್ಲ. ಆದರೆ ಕಳಂಕ ಹೊತ್ತ ಮನೆಯವನು ಆ ಕಳಂಕವನ್ನು ಇತರರ ಮೇಲೆ ಹೊರಿಸುವ ಕೆಲಸಕ್ಕೆ ಇಳಿಯುವುದನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತವರು ಕಾಣದವರಲ್ಲ.

ಆಗ ಗುರುಗಳು ಎಲ್ಲಿದ್ದರು?

ಹುಡುಗಿಯ ಪ್ರಶ್ನೆಗೆ ಲೆಮ್ಗೊವಿನಲ್ಲಿಯೇ ಒಂದು ಉತ್ತರವಿದೆ. ಅಲ್ಲಿನ ಸಂತ ನಿಕೊಲಾಸರ ದೇವಾಲಯದ ಲೂಥರನ್ ಬೋಧಕ ಆಂಡ್ರೆಯಾಸ್ ಕೋಖ್ ಅವರು ವಿಚಾರಣೆಗಳ ಬಗ್ಗೆ ಸಂಶಯ ವ್ಯಕ್ತಪಡಿಸಿದರು. ಅದರ ಫಲವಾಗಿ ಅವರ ಮೇಲೆಯೇ ಮಾಟದ ಆರೋಪ ಬಂದಿತು. ಅವರನ್ನು ಸೇವೆಯಿಂದ ಅಮಾನತುಗೊಳಿಸಿ, ಬಂಧಿಸಿ, ಹಿಂಸಿಸಿ, 1666ರಲ್ಲಿ ಶಿರಚ್ಛೇದ ಮಾಡಿದರು. ಮುಂದೆ ಜಪಾನಿನವರೆಗೆ ಪಯಣಿಸಿ ಪ್ರಖ್ಯಾತನಾದ ವೈದ್ಯ ಎಂಗೆಲ್‌ಬೆರ್ಟ್ ಕೆಂಪ್ಫೆರ್ ಇವರ ಬಂಧು. ಆಗ ಆತನು ಹದಿಹರೆಯದ ಬಾಲಕ. ಗುರುಗಳು ಎಲ್ಲಿದ್ದರು ಎಂದರೆ, ಒಬ್ಬರು ಕೊಲೆಗಂಬದ ಮೇಲಿದ್ದರು. ಉಳಿದವರಲ್ಲಿ ಬಹುಮಂದಿ ಮೌನವಾಗಿದ್ದರು, ಇಲ್ಲವೇ ಪ್ರಬೋಧನಾ ಪೀಠದಲ್ಲಿ ನಿಂತು ವಿಚಾರಣೆಯನ್ನು ಹೊಗಳುತ್ತಿದ್ದರು.

ನಮ್ಮ ಕಥೋಲಿಕ ಪರಂಪರೆಯಲ್ಲಿ ಸ್ಮರಿಸಬೇಕಾದವರು ಯೇಸುಸಭೆಯ ಫ್ರೀಡ್ರಿಖ್ ಶ್ಪೇ. 1591ರಲ್ಲಿ ಕೈಸರ್ಸ್‌ವೆರ್ತ್‌ನಲ್ಲಿ ಜನಿಸಿದ ಇವರು ಪಾಡರ್‌ಬಾರ್ನ್‌ನಲ್ಲಿ ನೈತಿಕ ದೈವಶಾಸ್ತ್ರದ ಬೋಧಕರಾಗಿದ್ದರು. 1631ರಲ್ಲಿ ಅವರ ‘ಕೌಸಿಯೊ ಕ್ರಿಮಿನಾಲಿಸ್’ ಗ್ರಂಥವು ಲೇಖಕರ ಹೆಸರಿಲ್ಲದೆ ರಿಂಟೆಲ್ನ್ ಪಟ್ಟಣದಲ್ಲಿ ಮುದ್ರಿತವಾಯಿತು. ರಿಂಟೆಲ್ನ್ ಲೆಮ್ಗೊವಿಗೆ ಸಮೀಪದ, ಆಗ ವಿಶ್ವವಿದ್ಯಾಲಯವಿದ್ದ ಊರು. ಅದರ ಮುಂಚಿನ ವರ್ಷವಷ್ಟೇ ಅಲ್ಲಿನ ನ್ಯಾಯಶಾಸ್ತ್ರದ ಪ್ರಾಧ್ಯಾಪಕನೊಬ್ಬನು ಮಾಟಗಾತಿಯರನ್ನು ವಿಚಾರಿಸುವ ವಿಧಾನದ ಕೈಪಿಡಿಯನ್ನು ಪ್ರಕಟಿಸಿದ್ದನು. ರೋಗವೂ ಔಷಧವೂ ಒಂದೇ ಊರಿನ ಅಚ್ಚುಮೊಳೆಗಳಿಂದ ಹೊರಬಂದವು.

ಮಾಟವೆಂಬುದೇ ಇಲ್ಲ ಎಂದು ಶ್ಪೇ ವಾದಿಸಲಿಲ್ಲ. ಅವರ ವಾದ ಇನ್ನೂ ಚುರುಕಾದುದು: ಹಿಂಸೆಯಿಂದ ಪಡೆದ ಒಪ್ಪಿಗೆಯು ಸತ್ಯದ ಬಗ್ಗೆ ಏನನ್ನೂ ತಿಳಿಸುವುದಿಲ್ಲ, ಮಾಟಗಾತಿಯರನ್ನು ಸೃಷ್ಟಿಸುತ್ತಿರುವುದು ಹಿಂಸಾಯಂತ್ರವೇ. ಆಪಾದಿತೆಯು ದುರ್ನಡತೆಯವಳಾದರೆ ಅದೇ ಸಾಕ್ಷ್ಯ. ಸನ್ನಡತೆಯವಳಾದರೆ ಅದು ಮುಖವಾಡ. ಹೆದರಿದರೆ ಪಾಪಪ್ರಜ್ಞೆ, ಹೆದರದಿದ್ದರೆ ಸೈತಾನನ ಬಲ. ಯಾವ ದಾರಿಯಲ್ಲಿ ನಡೆದರೂ ಚಿತೆಯೇ ಗತಿಯೆಂಬ ತರ್ಕವನ್ನು ಅವರು ಬಿಡಿಬಿಡಿಯಾಗಿ ಬಿಚ್ಚಿಟ್ಟರು. ಗುರುಗಳನ್ನೂ ಅವರು ಬಿಡಲಿಲ್ಲ. ಸೆರೆಮನೆಗೆ ಹೋಗಿ ‘ಒಪ್ಪಿಕೋ, ಇಲ್ಲವಾದರೆ ಪಾಪಕ್ಷಮೆಯಿಲ್ಲ’ ಎಂದು ಬಂಧಿತೆಯನ್ನು ಒತ್ತಾಯಿಸುವ ಗುರುವು ನ್ಯಾಯಾಧೀಶನ ಆಳಾಗುತ್ತಾನೆಯೇ ಹೊರತು ಕ್ರಿಸ್ತನ ಸೇವಕನಾಗಿರುವುದಿಲ್ಲ ಎಂಬುದು ಅವರ ಎಚ್ಚರಿಕೆಯ ಸಾರ.

ಶ್ಪೇ ಅವರು ಇದರಿಂದ ಕಷ್ಟಕ್ಕೊಳಗಾದರು. ಪಾಡರ್‌ಬಾರ್ನ್‌ನ ಬೋಧಕ ಸ್ಥಾನವನ್ನು ಕಳೆದುಕೊಂಡರು. 1635ರಲ್ಲಿ ಟ್ರಿಯರ್‌ನಲ್ಲಿ ಸೋಂಕುಪೀಡಿತ ಸೈನಿಕರ ಶುಶ್ರೂಷೆ ಮಾಡುತ್ತ ಮೃತರಾದರು. ತತ್ತ್ವಜ್ಞಾನಿ ಲೈಬ್ನಿಟ್ಸ್ ದಾಖಲಿಸಿರುವ ಒಂದು ಪ್ರಸಂಗದಂತೆ, ಚಿಕ್ಕ ವಯಸ್ಸಿನಲ್ಲಿಯೇ ಕೂದಲು ನರೆತದ್ದೇಕೆ ಎಂದು ಕೇಳಿದಾಗ ಶ್ಪೇ, ತಾವು ಚಿತೆಯವರೆಗೆ ಜೊತೆಗೆ ಹೋದ ನಿರಪರಾಧಿಗಳ ದುಃಖದಿಂದ ಎಂದು ಉತ್ತರಿಸಿದರಂತೆ. ಆ ಉತ್ತರವನ್ನು ಕೇಳಿದ್ದ ಫಿಲಿಪ್ ಫಾನ್ ಶೋನ್‌ಬೋರ್ನ್ ಮುಂದೆ ಮೈನ್ಟ್ಸ್‌ನ ಮಹಾಧರ್ಮಾಧ್ಯಕ್ಷರಾಗಿ ತಮ್ಮ ಸೀಮೆಯಲ್ಲಿ ಈ ವಿಚಾರಣೆಗಳಿಗೆ ತಡೆಹಾಕಿದರು.

ಸ್ಪೇನಿನಲ್ಲಿ ಅಲೊನ್ಸೊ ದೆ ಸಲಸಾರ್ ಫ್ರಿಯಾಸ್ ಎಂಬ ವಿಚಾರಣಾಧಿಕಾರಿಯು 1610ರ ಲೊಗ್ರೊನ್ಯೊ ತೀರ್ಪಿನಲ್ಲಿ ತಾನೂ ಪಾಲುಗೊಂಡಿದ್ದವನು. ಬಳಿಕ ಬಾಸ್ಕ್ ಹಳ್ಳಿಗಳಲ್ಲಿ ಸಂಚರಿಸಿ ನೂರಾರು ಹೇಳಿಕೆಗಳನ್ನು ಪರಿಶೀಲಿಸಿ, ಒಂದಕ್ಕೂ ಹೊರಗಿನ ಆಧಾರವಿಲ್ಲವೆಂದು ವರದಿ ಮಾಡಿದನು. ಅದರ ಫಲವಾಗಿ 1614ರಲ್ಲಿ ಹೊರಬಂದ ಕಟ್ಟುನಿಟ್ಟಿನ ಸೂಚನೆಗಳು ಸ್ಪೇನಿನಲ್ಲಿ ಇಂತಹ ದಹನಗಳನ್ನು ಬಹುಮಟ್ಟಿಗೆ ತಡೆದವು. ತನ್ನ ತೀರ್ಪು ತಪ್ಪಾಗಿರಬಹುದೆಂದು ಮರಳಿ ಹೋಗಿ ನೋಡುವ ಧೈರ್ಯವೂ ಒಂದು ಸದ್ಗುಣವೇ.

ಲೆಮ್ಗೊವಿನಲ್ಲಿ ಈ ಸರಣಿಯು ನಿಂತದ್ದು ಒಬ್ಬ ಸ್ತ್ರೀಯ ದೃಢತೆಯಿಂದ. 1681ರಲ್ಲಿ ಬಂಧಿತಳಾದ ಮರಿಯಾ ರಾಂಪೆನ್‌ಡಾಲ್ ಚಿತ್ರಹಿಂಸೆಗೂ ಮಣಿಯದೆ, ಯಾವುದನ್ನೂ ಒಪ್ಪಿಕೊಳ್ಳಲಿಲ್ಲ. ಆಕೆಯನ್ನು ಗಡಿಪಾರು ಮಾಡಿದರು; ಆಕೆ ಸಾಮ್ರಾಜ್ಯದ ಉನ್ನತ ನ್ಯಾಯಾಲಯದ ಮೊರೆಹೊಕ್ಕಳು. ಅಲ್ಲಿ ಆಕೆಗೆ ಗೆಲುವು ದೊರೆಯಲಿಲ್ಲ. ಆದರೆ ಆಕೆಯ ಬಳಿಕ ಆ ಊರಿನಲ್ಲಿ ಮಾಟದ ಆರೋಪದ ಮೇಲೆ ಯಾರನ್ನೂ ಕೊಲ್ಲಲಿಲ್ಲ.

ಹೆಸರು ಕೇಳಬಾರದೆಂಬ ನಿಯಮ

ಇನ್ನು ದೈವಶಾಸ್ತ್ರದ ಮೂಲಪ್ರಶ್ನೆಗೆ ಬರೋಣ. ಈ ದುರಂತದಲ್ಲಿ ತಪ್ಪಿದ್ದೆಲ್ಲಿ? ದುಷ್ಟಾತ್ಮನ ಅಸ್ತಿತ್ವವನ್ನು ನಂಬಿದ್ದೇ ತಪ್ಪೆಂದು ಕೆಲವರು ಹೇಳುತ್ತಾರೆ. ಶ್ಪೇ ಅವರೂ ಗೋಲ್ಸರ್ ಅವರೂ ಅದನ್ನು ನಂಬಿದ್ದರು. ಆದರೂ ಅವರು ಕೊಲ್ಲಲಿಲ್ಲ. ಆದ್ದರಿಂದ ತಪ್ಪು ಬೇರೆಡೆಯಿದೆ.

ಶ್ರೀಗ್ರಂಥದಲ್ಲಿ ‘ಸೈತಾನ’ ಎಂಬ ಪದದ ಅರ್ಥ ಎದುರಾಳಿ, ಆಪಾದಕ. ಗ್ರೀಕಿನ ‘ದಿಯಾಬೊಲೊಸ್’ ಎಂದರೆ ಚಾಡಿಕೋರ. ಪ್ರಕಟನೆ ಗ್ರಂಥವು ಅವನನ್ನು ನಮ್ಮ ಸಹೋದರರನ್ನು ಹಗಲಿರುಳು ದೂರುವವನೆಂದೇ ಕರೆಯುತ್ತದೆ (12:10). ಇದಕ್ಕೆ ಪ್ರತಿಯಾಗಿ ಸಂತ ಯೊವಾನ್ನರ ಶುಭಸಂದೇಶವು ಪವಿತ್ರಾತ್ಮರನ್ನು ‘ಪರಾಕ್ಲೀತ’ ಎನ್ನುತ್ತದೆ. ಅಂದರೆ ಆಪಾದಿತನ ಪಕ್ಕದಲ್ಲಿ ನಿಲ್ಲುವ ವಕೀಲ. ಸೈತಾನನನ್ನು ಓಡಿಸುವೆವೆಂದು ಹೊರಟವರು ಆಪಾದನೆಯನ್ನೇ ತಮ್ಮ ಸೇವಾವೃತ್ತಿಯನ್ನಾಗಿ ಮಾಡಿಕೊಂಡರು. ಯೇಸುಸ್ವಾಮಿಯ ಮೇಲೆಯೇ ಬೆಲ್ಜೆಬೂಲನ ಸಹಾಯದಿಂದ ದೆವ್ವ ಬಿಡಿಸುತ್ತಾನೆಂಬ ಆರೋಪ ಬಂದಿತ್ತು (ಮಾರ್ಕ 3:22). ಮಾಟದ ಆಪಾದನೆ ಹೊತ್ತವರ ಸಾಲಿನಲ್ಲಿ ನಮ್ಮ ಪ್ರಭುವೂ ನಿಂತಿದ್ದಾರೆ ಎಂಬುದನ್ನು ವಿಚಾರಣಾಧಿಕಾರಿಗಳು ಮರೆತರು. ಹುಟ್ಟುಕುರುಡನ ಬಗ್ಗೆ ‘ಯಾರ ಪಾಪದಿಂದ?’ ಎಂದು ಶಿಷ್ಯರು ಕೇಳಿದಾಗ ಆ ಪ್ರಶ್ನೆಯನ್ನೇ ಸ್ವಾಮಿ ತಳ್ಳಿಹಾಕಿದ್ದನ್ನೂ (ಯೊವಾನ್ನ 9:2-3) ಮರೆತರು. ಎಫೆಸದಲ್ಲಿ ಮಾಟಮಂತ್ರ ಮಾಡುತ್ತಿದ್ದವರು ತಾವೇ ತಮ್ಮ ಗ್ರಂಥಗಳನ್ನು ತಂದು ಸುಟ್ಟರು (ಪ್ರೇ.ಕಾ. 19:19). ಅಲ್ಲಿ ಸುಟ್ಟದ್ದು ಪುಸ್ತಕಗಳನ್ನು; ಯಾರೂ ಇನ್ನೊಬ್ಬರ ಹೆಸರು ಹೇಳಲಿಲ್ಲ.

ಈ ಬೆಳಕಿನಲ್ಲಿ ಧರ್ಮಸಭೆಯ ಕಾನೂನಿನ ಒಂದು ಸಣ್ಣ ವಾಕ್ಯವು ದೊಡ್ಡದಾಗಿ ಕಾಣುತ್ತದೆ. ಪಾಪನಿವೇದನೆಯಲ್ಲಿ ಗುರುವು ವಿವೇಕದಿಂದ ಪ್ರಶ್ನಿಸಬೇಕು, ಪಾಪದಲ್ಲಿ ಪಾಲುಗೊಂಡ ಇನ್ನೊಬ್ಬರ ಹೆಸರನ್ನು ಕೇಳಬಾರದು ಎಂಬುದು 979ನೆಯ ನಿಯಮ. 1745ರಲ್ಲಿಯೇ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಹೀಗೆ ಹೆಸರು ಕೇಳುವ ಪದ್ಧತಿಯನ್ನು ಖಂಡಿಸಿದ್ದರು. ಹಿಂಸಾಗೃಹದ ಪ್ರಧಾನ ಪ್ರಶ್ನೆ ಯಾವುದೋ ಅದೇ ಪ್ರಶ್ನೆಯು ಪಾಪನಿವೇದನೆಯಲ್ಲಿ ನಿಷಿದ್ಧ. ನ್ಯಾಯಪೀಠವು ‘ಯಾರನ್ನು ಕಂಡೆ?’ ಎಂದಿತು, ಸಂಸ್ಕಾರವು ‘ನಿನ್ನ ಮಾತನ್ನಷ್ಟೇ ಹೇಳು’ ಎನ್ನುತ್ತದೆ. ಈ ಎರಡು ಪೀಠಗಳಲ್ಲಿ ಕ್ರಿಸ್ತನು ಯಾವುದನ್ನು ಸ್ಥಾಪಿಸಿದನೆಂಬುದರಲ್ಲಿ ಸಂದೇಹವಿಲ್ಲ.

ಹಿಂದೆ ನ್ಯಾಯಸಮ್ಮತ ಆಡಳಿತಗಳು ಕ್ರೂರ ಪದ್ಧತಿಗಳನ್ನು ಬಳಸಿದಾಗ ಧರ್ಮಸಭೆಯ ಪಾಲಕರಿಂದ ಅನೇಕ ವೇಳೆ ಪ್ರತಿಭಟನೆ ಬರಲಿಲ್ಲ ಎಂಬುದನ್ನು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ವಿಷಾದದಿಂದ ಒಪ್ಪಿಕೊಳ್ಳುತ್ತದೆ (2298). 2000ದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಸತ್ಯದ ಸೇವೆಯ ಹೆಸರಿನಲ್ಲಿ ನಡೆದ ಹಿಂಸೆಗಾಗಿ ದೇವರ ಕ್ಷಮೆ ಬೇಡಿದರು. ಕ್ಷಮೆ ಬೇಡುವುದರಿಂದ ಧರ್ಮಸಭೆಯ ಗೌರವ ಕುಂದಿತೆಂದು ನಾವು ತಿಳಿಯುವುದಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ

ಇಷ್ಟನ್ನು ಬರೆದ ಮೇಲೆ ನಮ್ಮದೊಂದು ಸಂಗತಿಯನ್ನು ಮುಚ್ಚಿಡುವುದು ತರವಲ್ಲ. ಗುರುದೀಕ್ಷೆಯ ಹೊಸತರಲ್ಲಿ ನಾವು ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕರಾಗಿದ್ದೆವು. ಒಂದು ಸಂಜೆ ಒಬ್ಬ ಗೃಹಸ್ಥನು ತನ್ನ ಪತ್ನಿಯೊಡನೆ ಬಂದು, ಮಗುವಿಗೆ ಪದೇ ಪದೇ ಸೆಳವು ಬರುತ್ತಿದೆ, ಎಮ್ಮೆ ಹಾಲು ಬಿಟ್ಟಿದೆ, ಹಿಂಬದಿ ಮನೆಯ ವಿಧವೆಯೇ ಏನೋ ಮಾಡಿಸಿದ್ದಾಳೆ ಎಂದು ಹೇಳಿಕೊಂಡನು. ತೀರ್ಥವನ್ನು ಮಂತ್ರಿಸಿ ಕೊಡಬೇಕು, ಆ ಗೋಡೆಯ ಕಡೆಗೆ ಚಿಮುಕಿಸಬೇಕು ಎಂದು ಕೋರಿದನು. ನಾವು ಪ್ರಾರ್ಥಿಸಿ ತೀರ್ಥ ಕೊಟ್ಟೆವು. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವಂತೆಯೂ ಹೇಳಿದೆವು. ಆ ವಿಧವೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಸ್ವಾಮಿಗಳೇ ತೀರ್ಥ ಕೊಟ್ಟರೆಂದರೆ ಆಪಾದನೆ ನಿಜವೆಂದೇ ಊರು ತಿಳಿಯಿತು. ಕೆಲವು ಭಾನುವಾರಗಳಲ್ಲಿ ಆಕೆಯ ಪಕ್ಕದಲ್ಲಿ ಯಾರೂ ಕುಳಿತುಕೊಳ್ಳದಿರುವುದನ್ನು ನಾವು ಬಲಿಪೀಠದಿಂದ ನೋಡಿದೆವು. ಬಳಿಕ ಆಕೆ ಬಲಿಪೂಜೆಗೆ ಬರಲಿಲ್ಲ. ತವರಿನ ಕಡೆಯ ಊರಿಗೆ ಹೋದರೆಂದು ತಿಳಿದುಬಂದಿತು. ನಾವು ಆಕೆಯ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಲೆಮ್ಗೊವಿನ ಆ ಹುಡುಗಿಯ ಪ್ರಶ್ನೆ ಕೇಳಿದಾಗ ನಮಗೆ ನೆನಪಾದದ್ದು ಆ ಬೆಂಚಿನ ಖಾಲಿ ಜಾಗ.

ಇದು ಒಂದು ಊರಿನ ಕಥೆಯಲ್ಲ. ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ‘ಬಾನಾಮತಿ’ ಎಂಬ ಮಾತು ಹುಟ್ಟಿಸುವ ಭಯವನ್ನು ಅಲ್ಲಿ ಸೇವೆ ಮಾಡಿದವರು ಬಲ್ಲರು. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಹಾಗೂ ವಾಮಾಚಾರದ ಪ್ರತಿಬಂಧಕ ಕಾಯ್ದೆಯು 2020ರಿಂದ ಜಾರಿಯಲ್ಲಿದೆ. ಬಿಹಾರವು 1999ರಲ್ಲಿ, ಜಾರ್ಖಂಡ್ 2001ರಲ್ಲಿ ಸ್ತ್ರೀಯರನ್ನು ಮಾಟಗಾತಿಯೆಂದು ಹೆಸರಿಸುವುದನ್ನೇ ಅಪರಾಧವೆಂದು ಸಾರಿದವು. 2021ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು ಮೊದಲ ಬಾರಿಗೆ ಈ ವಿಷಯದ ಮೇಲೆ ನಿರ್ಣಯವನ್ನು ಅಂಗೀಕರಿಸಿತು. ಕಾನೂನು ತನ್ನ ಕೆಲಸ ಮಾಡುತ್ತದೆ. ಗುರುವಿನ ಕೆಲಸವು ಅದಕ್ಕಿಂತ ಮುಂಚೆ, ಪಿಸುಮಾತಿನ ಹಂತದಲ್ಲಿಯೇ ಆರಂಭವಾಗುತ್ತದೆ.

ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಕಿರಿಯ ಸಹೋದರರ ಮುಂದೆ ಇಡುತ್ತೇವೆ. ಯಾರಾದರೂ ಮಾಟದ ದೂರಿನೊಂದಿಗೆ ಬಂದಾಗ ಅವರ ನೋವನ್ನು ತಾಳ್ಮೆಯಿಂದ ಕೇಳಬೇಕು. ಆದರೆ ‘ಯಾರು ಮಾಡಿಸಿದರು?’ ಎಂದು ಕೇಳಬಾರದು. ಅವರೇ ಹೆಸರು ಹೇಳಲು ತೊಡಗಿದರೆ ಅಲ್ಲಿಯೇ ತಡೆದು, ಹಾಗೆ ಹೇಳುವುದು ಎಂಟನೆಯ ಆಜ್ಞೆಯ ಉಲ್ಲಂಘನೆಯೆಂದು ಮೃದುವಾಗಿ ತಿಳಿಹೇಳಬೇಕು. ಸೆಳವು, ಮೂರ್ಛೆ, ಮಾನಸಿಕ ವೇದನೆಗಳಿದ್ದರೆ ವೈದ್ಯರ ಬಳಿಗೆ ಕಳುಹಿಸುವುದಷ್ಟೇ ಸಾಲದು. ಸಾಧ್ಯವಾದರೆ ಜೊತೆಗೆ ಹೋಗಬೇಕು. ತೀರ್ಥ ಕೊಡುವುದಾದರೆ ಅದು ದೀಕ್ಷಾಸ್ನಾನದ ಸ್ಮರಣೆಗೆಂದು ತಿಳಿಸಿ ಕೊಡಬೇಕು. ನೆರೆಯವರ ವಿರುದ್ಧ ಪ್ರಯೋಗಿಸಲು ಕೊಡಬಾರದು. ವಿಧಿಬದ್ಧ ಭೂತೋಚ್ಚಾಟನೆಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕೆಂದು 1172ನೆಯ ನಿಯಮವು ಹೇಳುತ್ತದೆ. 1999ರ ಪರಿಷ್ಕೃತ ವಿಧಿಗ್ರಂಥವು, ತಮಗೆ ಮಾಟವಾಗಿದೆ ಶಾಪ ತಗಲಿದೆ ಎಂದು ನಂಬಿದವರಿಗೆ ಆಧ್ಯಾತ್ಮಿಕ ನೆರವು ಕೊಡಬೇಕು, ಆದರೆ ಭೂತೋಚ್ಚಾಟನೆ ಮಾಡಬಾರದು ಎಂದು ಎಚ್ಚರಿಸುತ್ತದೆ. ಪ್ರಾರ್ಥನಾಕೂಟಗಳಲ್ಲಿ ‘ನಿಮ್ಮ ಹತ್ತಿರದವರೇ ಮಾಡಿಸಿದ್ದಾರೆ’ ಎಂಬ ರೀತಿಯ ‘ದೈವಪ್ರೇರಿತ’ ಮಾತುಗಳು ಕೇಳಿಬಂದರೆ ಅವನ್ನು ಅಲ್ಲಿಯೇ ನಿಲ್ಲಿಸುವುದು ಪಾಲಕನ ಕರ್ತವ್ಯ. ಆ ಮಾತು ಮನೆ ತಲುಪುವಷ್ಟರಲ್ಲಿ ಅದಕ್ಕೊಂದು ಹೆಸರು ಅಂಟಿಕೊಂಡಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು, ಆಪಾದನೆಗೆ ಗುರಿಯಾದವರ ಮನೆಗೆ ಅದೇ ವಾರ, ಹಗಲಿನಲ್ಲಿ, ಊರು ನೋಡುವಂತೆ ಹೋಗಿ ಕುಳಿತು ಒಂದು ಲೋಟ ನೀರನ್ನಾದರೂ ಕುಡಿದು ಬರುವುದು. ಇದಕ್ಕೆ ಯಾವ ವಿಧಿಗ್ರಂಥವೂ ಬೇಡ. ಊರಿಗೆ ಇದು ಅರ್ಥವಾಗುತ್ತದೆ.

ಆ ದಿನ ಸಂಗ್ರಹಾಲಯದಿಂದ ಹೊರಬರುವಾಗ ಶಿಕ್ಷಕಿಯು ಮಕ್ಕಳಿಗೆ ಸಂತ ನಿಕೊಲಾಸರ ದೇವಾಲಯವನ್ನೂ ತೋರಿಸಿದರು. ಪ್ರಶ್ನೆ ಕೇಳಿದ ಹುಡುಗಿ ಕೋಖ್ ಅವರ ಕಥೆಯನ್ನು ಕೇಳಿ, “ಒಬ್ಬರೇನಾ?” ಎಂದಳು. ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆಂದು ಇಂದು ಆಕೆಗೆ ಹೇಳಬಲ್ಲೆವು. ಆದ ಹಾನಿಗೆ ಹೋಲಿಸಿದರೆ ಬಹಳ ಕಡಿಮೆ ಮಂದಿಯಿದ್ದರು ಎಂಬುದನ್ನೂ ಹೇಳಲೇಬೇಕು. ಮುಂದಿನ ಪೀಳಿಗೆಯ ಮಕ್ಕಳು ನಮ್ಮ ಧರ್ಮಕೇಂದ್ರಗಳ ಬಗ್ಗೆ ಇದೇ ಪ್ರಶ್ನೆಯನ್ನು ಕೇಳುವಾಗ ಕೊಡಬೇಕಾದ ಉತ್ತರವು ಇಂದು ಗುರುಮಠದಲ್ಲಿ ಓದುತ್ತಿರುವವರ ಕೈಯಲ್ಲಿದೆ.